ಎಡೆಗಿಟ್ಟ ಗೇಮ್ ಮಷೀನು

ಸೆ. 12, ಶುಕ್ರವಾರ

ಮತ್ತೆ ಫೇಲ್. ಮೆಮೊರಿ ಕಾರ್ಡ್ ತೆಗೆದೆ, ಫಾರ್ಮ್ಯಾಟ್ ಮಾಡಿದೆ, ಫೈಲ್ ತುಂಬಿದೆ, ಎರಡು ಬಟನ್ ಒತ್ತಿಹಿಡಿದು ಆನ್ ಮಾಡಿದೆ. ನೀಲಿ ಸ್ಕ್ರೀನು, ಒಂದು ಸಾಲು ಇಂಗ್ಲಿಷು, ಆಫ್. ಥೇಟ್ ಹಾಲೇಶನೇ. ಕೇಳಿದ್ದಕ್ಕೆ ಅರ್ಧ ಉತ್ತರ ಕೊಟ್ಟು ಮಲಗಿಬಿಡುವುದು.

ಅವನ ಗೇಮ್ ಮಷೀನು ಇದು. ಅಂಗೈಯಗಲ, ಮಡಚಿಡುವಂಥದ್ದು. ಸೆಕೆಂಡ್ ಹ್ಯಾಂಡ್ ತಂದು, ಜಾತಕ ನೋಡುವವರ ಹಾಗೆ ದಿನವಿಡೀ ಅದನ್ನೇ ನೋಡುತ್ತ ಕೂರುತ್ತಿದ್ದ ನನ್ನ ತಮ್ಮ. ಅದರಲ್ಲೊಂದು ವಾಯ್ಸ್ ರೆಕಾರ್ಡರ್. ಚಿಕ್ಕ ಚಿಕ್ಕ ತುಣುಕುಗಳು, ಎಲ್ಲಾ ಅವನ ಮಾತು. ಮಷೀನಿನ ಒಳಗಿನ ಜಾಗ ಭರ್ತಿಯಾಗಿದೆ, ಹೊಸದೊಂದು ಬಂದರೆ ಹಳೆಯದೊಂದು ಅಳಿಸಿಹೋಗುತ್ತೆ. ಬೇರೆಲ್ಲೂ ಅವನ ದನಿ ಇಲ್ಲ. ಫೋನು ಅವನ ಜೊತೆಗೇ ಕಡೂರು ರಸ್ತೆಯಲ್ಲಿ ಲಾರಿ ಕೆಳಗೆ ಹೋಯ್ತು.

ಬ್ಯಾಟರಿ ಬೇರೆ ಉಬ್ಬಿದೆ. ಯಾವಾಗ ಕೈಕೊಡುತ್ತೋ. ಕಂಪನಿಯ ಮೆನುವಿನಲ್ಲಿ ರೆಕಾರ್ಡಿಂಗ್ ಹೊರಗೆ ತೆಗೆಯುವ ದಾರಿಯೇ ಇಲ್ಲ. ಅದಕ್ಕೇ ಈ ಹೋಮ್‌ಬ್ರೂ — ಯಾರೋ ಪುಣ್ಯಾತ್ಮರು ಮನೆಯಲ್ಲಿ ಕೂತು ಬರೆದು ಪುಕ್ಕಟೆ ಬಿಟ್ಟ ಸಾಫ್ಟ್‌ವೇರ್. ಅದನ್ನು ಹಾಕಿದರೆ ಎಲ್ಲಾ ಫೋನಿಗೆ ಬರುತ್ತೆ. ಹಾಕಿದರೆ.

ಸೆ. 16, ಮಂಗಳವಾರ

ಕ್ಲಿನಿಕ್ಕಿಗೆ ರಜೆ ಹಾಕಿ ತರೀಕೆರೆಗೆ ಹೋಗಿದ್ದೆ. ಮೊಬೈಲ್ ಅಂಗಡಿ ಓಂಕಾರಮೂರ್ತಿ ಕಾರ್ಡನ್ನು ನೋಡಿಯೇ ನಕ್ಕ.

“ಇದು ಡೂಪ್ಲಿಕೇಟ್ ಕಣ್ರೀ ಪ್ರತಿಮಕ್ಕ. ಬ್ಯಾರೆ ಕೊಡ್ತೀನಿ. ಆದ್ರೆ ಮಧ್ಯದಲ್ಲಿ ಚಾರ್ಜ್ ಹೋದ್ರೆ ಮಷೀನು ಇಟ್ಟಿಗೆ ಆಗ್ಬಿಡ್ತದೆ, ಮತ್ತೆ ಆನೇ ಆಗಲ್ಲ. ಆಮೇಲೆ ನನ್ನ ಬೈಬ್ಯಾಡಿ.”

ಬ್ಯಾಟರಿ ಹುಡುಕಿಕೊಡ್ತೀನಿ, ಅಲ್ಲಿವರೆಗೂ ಮುಟ್ಟಬೇಡಿ ಅಂದ. ಕಾಯಬೇಕು. ಕಾಯೋದು ನನ್ನ ಜಾಯಮಾನದಲ್ಲೇ ಇಲ್ಲ.

ಸೆ. 21, ಭಾನುವಾರ. ಮಹಾಲಯ ಅಮಾವಾಸ್ಯೆ

ಹಾಲೇಶನಿಗೆ ಮೊದಲ ಎಡೆ. ಅವನ ರೂಮಿನಲ್ಲೇ ಇಟ್ಟೆವು. ಮುದ್ದೆ, ಕೋಳಿ ಸಾರು, ಕಜ್ಜಾಯ, ಹೊಸ ಶರಟು. ಇಷ್ಟವಾದದ್ದನ್ನೆಲ್ಲ ಇಡಬೇಕಲ್ಲ — ಅವ್ವ ಮಷೀನನ್ನೂ ಎಲೆ ಪಕ್ಕ ಇಟ್ಟಳು. ಆನ್ ಮಾಡಿ, ರೆಕಾರ್ಡರ್ ತೆರೆದು. ಬೇಡ ಅಂದೆ.

“ಆಫ್ ಇದ್ರೆ ಅವನಿಗೇನೇ ಕಾಣ್ತದೆ?”

ಬಾಗಿಲು ಹಾಕಿ ಎಲ್ಲರೂ ಜಗಲಿಯಲ್ಲಿ ಕೂತೆವು. ಹೋದವರು ಬಂದು ಉಣ್ಣುವಾಗ ನೋಡಬಾರದು. ನನಗೆ ಬ್ಯಾಟರಿಯದೇ ಯೋಚನೆ. ಸಾಕು ತೆಗೀರಿ ಅಂತ ಪೀಡಿಸಿದೆ. ಅಪ್ಪ ಪದ್ಧತಿಯ ಹಾಗೆ ಹೊರಗಿಂದ ಕೆಮ್ಮಿ, ಬಾಗಿಲು ತೆಗೆದರು. ಎಲೆ ಹಾಗೇ ಇತ್ತು. ಮಷೀನು ಬಿಸಿಯಾಗಿತ್ತು. ಆನ್ ಇದ್ದದ್ದು ಬಿಸಿಯಾಗದೆ ಇನ್ನೇನು.

ಸೆ. 22, ಸೋಮವಾರ

ಒಂದು ಅಳಿಸಿಹೋಗಿದೆ. “ಲೇ ಅಕ್ಕಾ, ನಿನ್ ಮೂಗಿಗೆ ಬ್ಯಾರೆ ಖಾತೆ ಮಾಡಿಸ್ಬೇಕು ಕಣೇ” — ಅದೇ. ನನ್ನದು ಅಂತ ಇದ್ದದ್ದು ಅದೊಂದೇ. ಅತ್ತುಬಿಟ್ಟೆ.

ಅದರ ಜಾಗದಲ್ಲಿ ಹೊಸದು. ನಿನ್ನೆಯ ತಾರೀಖು. ನಿಶ್ಶಬ್ದ. ದೂರದಲ್ಲಿ ಅಪ್ಪನ ಕೆಮ್ಮು. ಆಮೇಲೆ ಹತ್ತಿರ, ತೀರಾ ಹತ್ತಿರ, ಯಾರೋ ಉಸಿರೆಳೆದುಕೊಂಡದ್ದು. ಮಾತು ಶುರು ಮಾಡುವ ಮುಂಚೆ ಎಳೆದುಕೊಳ್ಳುತ್ತೇವಲ್ಲ, ಹಾಗೆ. ಅಷ್ಟರಲ್ಲಿ ಬಾಗಿಲ ಸದ್ದು.

ಉಬ್ಬಿದ ಬ್ಯಾಟರಿ ಬಟನ್ ಒತ್ತಿರಬೇಕು. ಉಸಿರು… ಫ್ಯಾನ್ ಗಾಳಿ. ರೂಮಿನಲ್ಲಿ ಫ್ಯಾನ್ ಹಾಕಿರಲಿಲ್ಲ.

ಅವ್ವನಿಗೆ ಕೇಳಿಸಬಾರದಿತ್ತು. ಕೇಳಿಸಿದೆ.

“ಏನೋ ಹೇಳಾಕೆ ಹೊರಟಿದ್ದ ಕಣೇ. ನೀನು ಬಾಗಿಲು ತಗಸ್ಬಿಟ್ಟೆ.”

ಸೆ. 26, ಶುಕ್ರವಾರ

ನಾನು ಅಜ್ಜಂಪುರದ ಕ್ಲಿನಿಕ್ಕಿನಲ್ಲಿ ಬಿಲ್ ಬರೆಯುತ್ತ ಕೂತಿದ್ದರೆ ಇಲ್ಲಿ ಅವ್ವ ದಿನಾ ಎಡೆ ಇಡುತ್ತಿದ್ದಾಳೆ. ತಟ್ಟೆಯಲ್ಲಿ ಅನ್ನ, ಪಕ್ಕದಲ್ಲಿ ಮಷೀನು, ಬಾಗಿಲು ಹಾಕುವುದು. ಒಂದೊಂದು ಸಲಕ್ಕೂ ಹೊಸದೊಂದು ಬರುತ್ತೆ, ಹಾಲೇಶನದೊಂದು ಹೋಗುತ್ತೆ. ಅವನ ನಗು ಹೋಯ್ತು. ಎಮ್ಮೆ ಕರೆಯುತ್ತಿದ್ದದ್ದು ಹೋಯ್ತು. ಮೂರೇ ಉಳಿದಿವೆ. ಬಂದಿರುವುದೆಲ್ಲ ಬರೀ ಉಸಿರು.

ಕೂಗಾಡಿದೆ. ಅಪ್ಪನೂ ಬೈದರು. “ಅಮಾಸೆ ಬಿಟ್ಟು ಬ್ಯಾರೆ ದಿನ ಕರೀಬಾರ್ದು ಕಣೇ ಹುಲಿಗೆಮ್ಮ. ಯಾರ್ ಬತ್ತಾರೋ ಏನೋ.”

ಅವ್ವ ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. “ಹಳೇ ಮಾತೇ ಎಷ್ಟು ಸಲ ಕೇಳ್ಲಿ? ಹೊಸದು ಹೇಳ್ತಾನೆ, ಇರು.”

ಮಷೀನನ್ನು ಬೀರುವಿಗೆ ಹಾಕಿ ಬೀಗ ಜಡಿದೆ. ಸಿಟ್ಟು ಅವ್ವನ ಮೇಲೋ ನನ್ನ ಮೇಲೋ ಗೊತ್ತಿಲ್ಲ.

ಸೆ. 30, ಮಂಗಳವಾರ. ಸಂಜೆ ಐದೂವರೆ

ಬ್ಯಾಟರಿ ಸಿಕ್ಕಿತು. ಹೊಸ ಕಾರ್ಡ್. ಫೈಲ್ ತುಂಬಿ, ಬಟನ್ ಒತ್ತಿಹಿಡಿದೆ. ಈ ಸಲ ಆಫ್ ಆಗಲಿಲ್ಲ. ಕಪ್ಪು ಸ್ಕ್ರೀನು, ಬಿಳಿ ಅಕ್ಷರ, ಹೋಮ್‌ಬ್ರೂ ಮೆನು. ದೇವರೇ ಕಂಡಷ್ಟು ಖುಷಿ. ರೆಕಾರ್ಡಿಂಗುಗಳನ್ನೆಲ್ಲ ಕಾಪಿ ಮಾಡಿ ಫೋನಿಗೆ ಹಾಕಿದೆ. ಹಾಲೇಶನವು ಎರಡೇ ಬಂದವು, ಮೂರನೆಯದು ಕಾಣಲಿಲ್ಲ. ಎರಡನ್ನೂ ಮತ್ತೆ ಮತ್ತೆ ಕೇಳಿ ಚೆನ್ನಾಗಿ ಅತ್ತೆ.

ಆಮೇಲೆ ಕೊನೆಯದು ಕಣ್ಣಿಗೆ ಬಿತ್ತು. ನಿನ್ನೆಯದು. ಬೀರುವಿನ ಬೀಗದ ಕೈ ಎಲ್ಲಿಡುತ್ತೇನೆ ಅಂತ ಅವ್ವನಿಗೆ ಗೊತ್ತಿಲ್ಲದ್ದೇನು. ಈ ಸಲ ಅವಳು ಹೊರಗೆ ಕೂತಿಲ್ಲ. ಬಾಗಿಲು ಹಾಕಿಕೊಂಡು ಒಳಗೇ ಇದ್ದಾಳೆ.

“ಹೂಂ ಕಣಪ್ಪ.” ಸುಮ್ಮನಾಗುತ್ತಾಳೆ. “ಬತ್ತೀನಿ.” ಮತ್ತೆ ಸುಮ್ಮನೆ. “ಇಲ್ಲ, ಪ್ರತಿಮಂಗೆ ಹೇಳಲ್ಲ.”

ಇಯರ್‌ಫೋನ್ ಹಾಕಿ ವಾಲ್ಯೂಮ್ ಪೂರ್ತಿ ಏರಿಸಿದೆ. ಅವಳು ಸುಮ್ಮನಾದಲ್ಲೆಲ್ಲ ಒಂದು ದನಿ ಇದೆ. ಮೆಲ್ಲಗೆ, ಮುದ್ದು ಮಾಡುವ ಹಾಗೆ ಮಾತಾಡುತ್ತಿದೆ. ಹಾಲೇಶನ ದನಿ ಈಗಷ್ಟೇ ಕೇಳಿದ್ದೇನೆ, ನನಗೆ ಮೋಸವಾಗೋಲ್ಲ.

ಇದು ಅವನದಲ್ಲ.

ಅಪ್ಪನಿಗೆ ಕೇಳಿಸಬೇಕು, ಅಲ್ಲಿವರೆಗೂ ಬರೆಯುತ್ತಿದ್ದೇನೆ. ಅಪ್ಪ ತೋಟದಿಂದ ಇನ್ನೂ ಬಂದಿಲ್ಲ. ಅವ್ವ ಅಡುಗೆಮನೆಯಲ್ಲಿ… ಇಲ್ಲ, ಪಡಸಾಲೆಗೆ ಬಂದಳು. ಸಂಜೆ ಹೊತ್ತಿನಲ್ಲಿ ಮದುವೆಯ ಸೀರೆ ಉಟ್ಟಿದ್ದಾಳೆ. ಎಲ್ಲಿಗವ್ವ ಅಂದೆ. “ಇಲ್ಲೇ ಕಣೇ, ನೀನು ಬರ್ಕ” ಅಂದಳು. ಹೊರಗೆ ಯಾರೋ ಅವಳ ಹೆಸರು ಹಿಡಿದು ಕರೆದ ಹಾಗೆ — ಅದೇ ದನಿ — ಅವ್ವ ಅಂಗಳಕ್ಕಿಳಿದು ಗೇಟಿನ ಚಿಲಕ ತೆಗೆ