ಡಿಕ್ಕಿಯ ಹಾಸಿನ ಕೆಳಗೆ

ಇಳಕಲ್
ಬುಧವಾರ, ೧೧ ಜೂನ್ ೨೦೨೫

ನನ್ನ ಮುದ್ದು ಮಾಸ್ತರ ವೀರೇಶ,

ಫೋನಿನಲ್ಲಿ ಹೇಳಿದರೆ ನಡುನಡುವೆ ನಗಿಸುತ್ತೀ, ಅದಕ್ಕೇ ಪತ್ರ. ಇಂಗ್ಲಿಷ್ ಮೀಡಿಯಮ್ಮಿನವಳ ಕನ್ನಡ, ಕೆಂಪು ಪೆನ್ನು ದೂರ ಇಡು. ಮದುವೆಯಾಗಿ ನಲವತ್ತೊಂದು ದಿನ, ಜೊತೆಗಿದ್ದದ್ದು ಇಪ್ಪತ್ತೆಂಟು. ಶಾಲೆ ಶುರುವಾಯಿತೆಂದು ನೀನು ಬಾದಾಮಿಗೆ ಹೋದ ಮೇಲೆ ಬ್ಯಾಂಕಿನಲ್ಲಿ ನನ್ನ ಸಹಿಯ ಜಾಗದಲ್ಲಿ ಎರಡು ಸಲ ನಿನ್ನ ಹೆಸರು ಬರೆದಿದ್ದೇನೆ!

ಕಾರು ಸಿಕ್ಕರೆ ನಡುವೆ ಅಮೀನಗಡದಲ್ಲಿ ಮನೆ ಹಿಡಿಯೋಣ ಎಂದಿದ್ದೆವಲ್ಲ. ನನಗೆ ಅಲ್ಲಿಂದ ಇಳಕಲ್ಲಿಗೆ ಬೇಕಾದಷ್ಟು ಬಸ್ಸು, ನಿನಗೆ ಮಾತ್ರ ಬೆಳಗಿನ ಶಾಲೆಗೆ ಮುಟ್ಟಿಸುವ ಬಸ್ಸಿಲ್ಲ. ಇವತ್ತು ಅಪ್ಪನ ಜೊತೆ ಹುನಗುಂದಕ್ಕೆ ಕಾರು ನೋಡಲು ಹೋಗುವಾಗ, ದಾರಿಯಲ್ಲೇ ಆ ಮನೆಯ ಕಿಟಕಿಗೆ ಪರದೆಯ ಬಣ್ಣ ಆರಿಸಿಬಿಟ್ಟಿದ್ದೆ.

ನೀನು ಹೇಳಿದ್ದೆಲ್ಲ ಮಾಡಿದೆ, ಆಣೆ. ಏಳಕ್ಕೇ ಹೋಗಿ ಬಾನೆಟ್ ಮುಟ್ಟಿದೆ, ತಣ್ಣಗಿತ್ತು. ಆಮೇಲೆ ನಮ್ಮೆದುರಿಗೇ ಇಂಜಿನ್ ಚಾಲೂ ಮಾಡಿಸಿದೆ. ಹೊಗೆಯಿಲ್ಲ. ನಾಲ್ಕೂ ಟೈರು ಒಂದೇ ಸಮ ಸವೆದಿದ್ದವು. ಮೀಟರಿನಲ್ಲಿ ಕಿಲೋಮೀಟರು ಕಡಿಮೆ, ಬ್ರೇಕ್ ಪೆಡಲ್ಲಿನ ರಬ್ಬರು ಕೂಡ ಅದಕ್ಕೆ ತಕ್ಕಂತೆ ಹೊಸದು. ಆರ್‌ಸಿಯಲ್ಲಿದ್ದ ಚಾಸಿ ನಂಬರನ್ನು ಒಂದೊಂದೇ ಅಂಕಿ ಓದಿ ತಾಳೆ ನೋಡಿದೆ. ಓಡಿಸಿ ನೋಡಿದ್ದು ನಾವು ಕರೆದೊಯ್ದ ಮೆಕ್ಯಾನಿಕ್ ಆಸಿಫ. ನಾನು ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ, ಓಡಿಸುತ್ತಿರುವವನು ನೀನೇ ಎಂದುಕೊಂಡೆ. ಅವನು ಗೇರು ಬದಲಿಸಿ ಕೆಮ್ಮಿದಾಗ ಎಷ್ಟು ನಾಚಿಕೆಯಾಯಿತು ಗೊತ್ತಾ!

ಮರಳಿ ಬಂದಾಗ ಅಪ್ಪ ಡಿಕ್ಕಿ ತೆಗೆದು, ಹಾಸು ಎತ್ತಿ, ಕಣ್ಣು ಬೇರೆಲ್ಲೋ ಇಟ್ಟು ಬೆರಳಾಡಿಸುತ್ತಿದ್ದರು. ಕಾರು ಮಾರುವ ಸುನೀಲಕುಮಾರ ನಕ್ಕ.

“ಏನ್ ಕಾಕಾ, ಗಾಡಿ ನೋಡಾಕ ಬಂದೀರೋ, ಸೀರಿ ನೋಡಾಕ ಬಂದೀರೋ?”

“ಎರಡೂ ಉಲ್ಟಾ ತಿರುವೇ ನೋಡೋದಪಾ,” ಎಂದರು ಅಪ್ಪ. ಆಮೇಲೆ ನನ್ನ ಕಡೆ ತಿರುಗಿ, “ಶ್ರುತಿ, ಇದು ಒಂದ ಗಾಡಿ ಅಲ್ಲವ್ವಾ. ಇದಕ್ಕ ಕೊಂಡಿ ಹಾಕ್ಯಾರ.”

ನಮ್ಮ ಮಗ್ಗದ ಮನೆಗಳಲ್ಲಿ ಸೀರೆಯ ಒಡಲು ಬೇರೆ, ಸೆರಗು ಬೇರೆ. ಒಂದೊಂದೇ ಎಳೆಗೆ ಕೊಂಡಿ ಹಾಕಿ ಎರಡನ್ನೂ ಒಂದು ಮಾಡುತ್ತೇವೆ. ಅಪ್ಪ ನಲವತ್ತು ವರ್ಷ ಆ ಎರಡೂ ಕೂಡುವ ಗೆರೆಯನ್ನೇ ಬೆರಳಲ್ಲಿ ಹುಡುಕಿದವರು. ನನಗೆ ಸಿಟ್ಟು ಬಂತು. ಮಗಳನ್ನು ಕಳಿಸಲು ಮನಸ್ಸಿಲ್ಲದೆ ನೆಪ ತೆಗೆಯುತ್ತಿದ್ದಾರೆ ಎಂದುಕೊಂಡೆ. ಆಸಿಫ ಕೆಳಗೆ ನುಸುಳಿ, ಟಾರ್ಚ್ ಹಿಡಿದು ನೋಡಿ, ಮೈ ಝಾಡಿಸುತ್ತ ಎದ್ದ. ಕಾಕಾ ಹೇಳಿದ್ದು ಖರೆ, ಮುಂದಿನ ಅರ್ಧ ಒಂದು ಕಾರಿನದು, ಹಿಂದಿನ ಅರ್ಧ ಇನ್ನೊಂದರದು, ನಡುವೆ ಬೆಸುಗೆ ಎಂದ. ಜೋರಾಗಿ ಹೋಗುವಾಗ ಏನಾದರೂ ಗುದ್ದಿದರೆ ನಡುವೇ ಎರಡಾಗುತ್ತದಂತೆ. ಸುನೀಲಕುಮಾರ ಆಮೇಲೆ ನಗಲಿಲ್ಲ.

ಹಾಗಾಗಿ ಕಾರಿಲ್ಲ ವೀರೂ. ಅಮೀನಗಡದ ಮನೆಯವರಿಗೆ ಫೋನ್ ಮಾಡಿ ಬೇರೆಯವರಿಗೆ ಕೊಡಿ ಎಂದೆ. ದನಿ ಗಟ್ಟಿಯಾಗಿಯೇ ಇತ್ತು, ಫೋನ್ ಇಟ್ಟ ಮೇಲೆ ಮಾತ್ರ ಅತ್ತೆ. ಬಾದಾಮಿಯಲ್ಲಿ ನೀನು ಒಬ್ಬನೇ ಚಹಾ ಮಾಡಿಕೊಳ್ಳುವಾಗ ಇನ್ನೂ ಎರಡು ಕಪ್ಪಿನ ನೀರು ಇಡುತ್ತೇನೆ ಎಂದಿದ್ದೆಯಲ್ಲ. ಹಾಗೇ ಇಡುತ್ತಿರು. ನಿಲ್ಲಿಸಬೇಡ.

ಇಪ್ಪತ್ತೆಂಟು ದಿನವನ್ನೇ ಮತ್ತೆ ಮತ್ತೆ ಎಣಿಸುವ ನಿನ್ನ ಹುಚ್ಚಿ,
ಶ್ರುತಿ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಅಪ್ಪನಿಗಿಂತ ಮೊದಲು ಆ ಹಾಸು ಎತ್ತಿದವಳು ನಾನು. ಬೆಸುಗೆಯ ಗೆರೆ ಬೆರಳಿಗೆ ಹತ್ತಿತು. ಚಿಕ್ಕಂದಿನಲ್ಲಿ ಶಾಲೆಯಿಂದ ಬಂದು ಅಪ್ಪನ ಎದುರು ಕೂತು ಸಾವಿರ ಕೊಂಡಿ ಹಾಕಿದ ಬೆರಳು, ಅದಕ್ಕೆ ಗೊತ್ತಾಗದೆ ಇರುತ್ತದೆಯೇ? ಹಾಸು ಮುಚ್ಚಿ ಟೈರು ನೋಡಲು ಹೋದೆ. ದಿನಾ ಅದನ್ನು ಓಡಿಸಬೇಕಾಗಿದ್ದವನು ನೀನು, ಆದರೂ ಮುಚ್ಚಿದೆ. ಅಷ್ಟು ಬೇಕಾಗಿತ್ತು ಆ ಮನೆ. ಬರುವಾಗ ಬಸ್ಸಿನಲ್ಲಿ ಅಪ್ಪ ಕೇಳಿದ್ದು ಒಂದೇ: “ನಿನ್ನ ಕೈಗೂ ಹತ್ತಿತ್ತಲ್ಲವ್ವಾ?” ನಾನು ಕಿಟಕಿಯ ಕಡೆ ತಿರುಗಿದೆ. ಶನಿವಾರ ಸಂಜೆ ಬಾದಾಮಿಗೆ ಬರುತ್ತೇನೆ. ಬೈಯುವುದಿದ್ದರೆ ಎದುರಿಗೇ ಬೈ.