ಹಳೆಯ ಪುಸ್ತಕದ ತಪ್ಪು ಸ್ವರ

ಹಾಸೆಲ್‌ರೀಟ್
೬ ಮಾರ್ಚ್ ೧೯೩೧, ಶುಕ್ರವಾರ

ಮುದ್ದಿನ ತಮ್ಮ ವೆಂಡೆಲಿನ್‌ಗೆ,

ಇವತ್ತು ಉಪವಾಸ, ಒಂದೇ ಹೊತ್ತು ಗಂಜಿ. ಹಸುಗಳ ಹಾಲು ಕರೆದು, ಒಲೆಯ ಬೂದಿ ತೆಗೆದು, ಚರ್ಚಿನ ದೀಪಕ್ಕೆ ಎಣ್ಣೆ ಹಾಕಿ ಬಂದು ಬರೆಯಲು ಕೂತಿದ್ದೇನೆ. ನಿನ್ನ ಕೆಮ್ಮು ಹೇಗಿದೆ? ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ಸಂಗೀತದ ಹಾಳೆಗಳ ಧೂಳು ಕುಡಿಯುತ್ತಾ ಕೂತರೆ ಎದೆ ಎಷ್ಟು ದಿನ ತಡೆದೀತು? ಬಿಸಿನೀರಿಗೆ ಜೇನು ಹಾಕಿ ಕುಡಿ.

ನಮ್ಮ ಈಸ್ಟರ್ ಪೂಜೆಯ ಹಳೆಯ ಕೈಬರಹದ ಸಂಗೀತದ ಪುಸ್ತಕವನ್ನು ಕ್ರಿಸ್‌ಮಸ್‌ಗೆ ಬಂದಾಗ ಒಯ್ದೆಯಲ್ಲ, "ಅಕ್ಕಾ, ಗ್ರಂಥಾಲಯದ ಪಟ್ಟಿಗೆ ಸೇರಿಸ್ಕೊಂಡು ಎರಡೇ ವಾರದಲ್ಲಿ ಕಳಿಸ್ತೀನಿ" ಅಂತ. ಅದು ಆರು ವಾರಕ್ಕೆ ಬಂತು. ಜೊತೆಗೊಂದು ಕಾಗದ. ಪುಸ್ತಕ ಹೇಗಿತ್ತೋ ಹಾಗೆಯೇ ಬಂದು ಸೇರಿತೆಂದು, ಚರ್ಚಿನ ಬೀಗದ ಕೈ ಇಟ್ಟುಕೊಂಡವಳು ನಾನಾದ್ದರಿಂದ, ಸಹಿ ಹಾಕಬೇಕಂತೆ. ಅಕ್ಕ ತಮ್ಮನ ನಡುವೆ ಸಹಿ ಯಾವತ್ತಿನಿಂದ ಬೇಕಾಯಿತು?

ಮೊನ್ನೆ ಹಾಡಿನ ಅಭ್ಯಾಸವಿತ್ತು. ರಟ್ಟು ಅದೇ, ರಟ್ಟಿನ ಮೇಲಿನ ಮೇಣದ ಕಲೆಯೂ ಅದೇ. ಮೂರನೆಯ ಪುಟದಲ್ಲಿ ಹೆಂಗಸರ ಸಾಲಿಗೆ ಒಂದು ತಪ್ಪು ಸ್ವರ ಇತ್ತು, ನೆನಪಿದೆಯಾ? ಅಜ್ಜಿಯ ಕಾಲದಿಂದ ನಾವು ಬಾಯಿಪಾಠವಾಗಿ ಹಾಡಿಕೊಂಡು ಬಂದದ್ದು ಅದನ್ನೇ. ಮೊನ್ನೆಯೂ ಹಾಡಿದೆವು. ಆರ್ಗನ್ ನುಡಿಸುವ ಉರ್ಬಾನ್ ಮೇಷ್ಟ್ರು ಪುಟ ನೋಡಿ ಬೇರೆಯದನ್ನೇ ನುಡಿಸಿ, "ಏನ್ರಮ್ಮಾ ಇದು, ಪುಸ್ತಕ ಸರಿಯಾಗೇ ಇದೆ, ನೀವೇ ತಪ್ಪು!" ಅಂದರು. ಬ್ರೆಡ್ಡಿನಂಗಡಿಯ ಒಟೀಲಿ ಬಿಟ್ಟಾಳೆಯೇ? "ಇಷ್ಟು ವರ್ಷ ತಪ್ಪಾಗಿದ್ದ ಪುಸ್ತಕ ಪಟ್ಣಕ್ಕೆ ಹೋಗಿ ಪಾಪನಿವೇದನೆ ಮಾಡ್ಕೊಂಡು ಬಂತಾ ಮೇಷ್ಟ್ರೇ?" ಅಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಊಟದ ಮೇಜಿನಲ್ಲಿ ಅಪ್ಪನ ಲ್ಯಾಟಿನ್ ಪ್ರಾರ್ಥನೆಯನ್ನೇ ತಿದ್ದಿ ಪೆಟ್ಟು ತಿಂದ ಹುಡುಗ ನೀನು. ಅಲ್ಲಿ ಯಾರೋ ಗುಮಾಸ್ತ ಹಾಳೆಗಳನ್ನು ಬದಲಿಸಿರಬಹುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಮನಸ್ಸು ಕೇಳುವುದಿಲ್ಲ.

ಮಾತೆ ಮರಿಯ ನಿನ್ನ ಎದೆಯನ್ನೂ ಕೈಯನ್ನೂ ಕಾಯಲಿ.

ನಿನ್ನ ಅಕ್ಕ
ಅಫ್ರಾ

ಇನ್ನೊಂದು ಮಾತು: ಗುಮಾಸ್ತನ ಕಥೆ ಬೇಡ. ಅವನಾಗಿದ್ದರೆ ತಪ್ಪನ್ನೂ ಹಾಗೇ ನಕಲು ಮಾಡಿರುತ್ತಿದ್ದ. ಹಳೆಯ ಹಾಳೆಗಳನ್ನು ಇಟ್ಟುಕೊಂಡು, ತಪ್ಪು ತಿದ್ದಿ ಹೊಸದಾಗಿ ಬರೆದು ಅದೇ ರಟ್ಟಿನೊಳಗೆ ಹೊಲಿದವನು ನೀನೇ. ಪಾದ್ರಿಗಳಿಗೆ ಇನ್ನೂ ಹೇಳಿಲ್ಲ, ಸಹಿಯನ್ನೂ ಹಾಕಿಲ್ಲ. ಆ ಸಹಿಯ ಕಾಗದಕ್ಕೆ ನನ್ನ ಉತ್ತರ ಅಂಚೆಯಲ್ಲಿ ಬರುವುದಿಲ್ಲ. ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರದೊಳಗೆ ಹಳೆಯ ಹಾಳೆಗಳನ್ನು ಹಿಡಿದುಕೊಂಡು ನೀನೇ ಬಂದು ತೆಗೆದುಕೊಂಡು ಹೋಗು.