ಝುಹೈರ್ ಆಟ ನಿಲ್ಲಿಸಿದ್ದು

ಜುಬೈಲ್
14 ನವೆಂಬರ್ 2025, ಶುಕ್ರವಾರ

ಪ್ರೀತಿಯ ನಸೀಮಾ,

ಅಸ್ಸಲಾಮು ಅಲೈಕುಂ. ನಿನ್ನ ಉಮ್ಮ ಹೇಗಿದ್ದಾರೆ? ಸೊಂಟದ ಆಪರೇಷನ್ ಆದ ಮೇಲೆ ವಾಕರ್ ಹಿಡಿದು ಬಚ್ಚಲಿನ ತನಕ ನಡೆಯುತ್ತಾರೆ ಎಂದಿದ್ದೆ; ಅಷ್ಟಾಯಿತಲ್ಲ, ಅಲ್‌ಹಮ್ದುಲಿಲ್ಲಾಹ್. ನಿನ್ನ ಮಂಡಿನೋವು ಹೇಗಿದೆ? ಅವರನ್ನು ಎಬ್ಬಿಸಿ ಕೂರಿಸಲು ಒಬ್ಬಳೇ ಹೆಣಗಬೇಡ, ಪಕ್ಕದ ಮನೆಯವರನ್ನು ಕರೆ. ಮಗಳು ಶಹಾನಾಳಿಗೆ ಕೃಷ್ಣಾಪುರದ ಶಾಲೆ ಒಗ್ಗಿತೇ? ನಾನೂ ಮಗನೂ ಇಲ್ಲಿ ಹೇಗೋ ಬೇಯಿಸಿಕೊಂಡು ತಿನ್ನುತ್ತಿದ್ದೇವೆ. ನೀನು ಫ್ರೀಜರಿನಲ್ಲಿಟ್ಟು ಹೋದ ಅಕ್ಕಿ ಪತ್ತಿರಿ ಯಾವಾಗಲೋ ಮುಗಿಯಿತು. ದಿನಾ ಫೋನ್ ಮಾಡುವವನು ಕಾಗದ ಯಾಕೆ ಬರೆದ ಎಂದು ನಿನಗೆ ಗಾಬರಿಯಾಗಬಹುದು. ಕೆಳಗಿನ ಮನೆಯ ಅಬ್ದುಲ್ ಹಮೀದ್ ಇಂದು ಸಂಜೆ ಊರಿಗೆ ಹೊರಟಿದ್ದಾನೆ, ನಾಳೆ ಅವನೇ ಇದನ್ನು ನಿನ್ನ ಕೈಗೆ ಕೊಡುತ್ತಾನೆ. ಫೋನಿನಲ್ಲಿ ಹೇಳಲು ಹೋದಾಗೆಲ್ಲ ಮಾತು ಬೇರೆ ಕಡೆಗೆ ತಿರುಗಿಸಿಬಿಟ್ಟೆ.

ಝುಹೈರ್‌ನ ವಿಷಯ. ಅವನು ನಡೆದಾಡಿಕೊಂಡು ಇದ್ದಾನೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಆದರೆ ಇನ್ನು ಅವನು ಲ್ಯಾಕ್ರೋಸ್ ಆಡುವಂತಿಲ್ಲ. ಮೊದಲ ಸಲ ಶಾಲೆಯಿಂದ ಆ ಬಲೆಯ ಕೋಲನ್ನು ಮನೆಗೆ ತಂದಾಗ, ಇದೆಂತ, ಸಿಗಡಿ ಹಿಡಿಯಲಿಕ್ಕಾ ಎಂದು ನೀನು ನಕ್ಕಿದ್ದೆ. ಆಮೇಲೆ ಅವನು ಕಟ್ಟಡದ ಹಿಂದಿನ ಗೋಡೆಗೆ ಚೆಂಡು ಎಸೆದು ಅದೇ ಬಲೆಯಲ್ಲಿ ಹಿಡಿಯುವ ಸದ್ದಿಗೆ ನಮ್ಮ ಸಂಜೆಗಳು ಒಗ್ಗಿಹೋದವು. ಅಮೆರಿಕದ ಕಾಲೇಜಿನವರು ಅವನ ಆಟದ ವಿಡಿಯೋ ನೋಡಿ ತಂಡಕ್ಕೆ ಬಾ ಎಂದ ದಿನ ನೀನು ನಿನ್ನ ಉಮ್ಮನಿಗೆ ಸಿಹಿ ತಿನ್ನಿಸಿದೆಯಂತೆ. ಅದೇ ಕಾಲೇಜಿನವರು ಎದೆಯ ಪರೀಕ್ಷೆ ಮಾಡಿಸಿ ಕಳಿಸಿ ಎಂದು ಕೇಳಿದ್ದರು. ಎಲ್ಲರಿಗೂ ಕೇಳುವಂಥದ್ದೇ ಇದು ಅಂದುಕೊಂಡು ಹೋದೆವು. ಮುಗಿಸಿಕೊಂಡು ಅರಬ್ಬರ ಮಂದಿ ಅನ್ನ ತಿನ್ನಲು ಹೋಗುವುದೆಂದು ಅವನು ಹೋಟೆಲನ್ನೂ ಗೊತ್ತು ಮಾಡಿಟ್ಟಿದ್ದ.

ಇಲ್ಲಿಯ ಡಾಕ್ಟರು ಮತ್ತೆ ಮತ್ತೆ ನೋಡಿ ನಮ್ಮನ್ನು ಖೋಬರ್‌ನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಒಬ್ಬ ಹೆಂಗಸು, ಹೃದಯದ ಡಾಕ್ಟರು, ಬಹಳ ಸಾವಧಾನದವರು. ಹೃದಯದ ಸ್ನಾಯು ಹುಟ್ಟಿನಿಂದ ಬಂದ ದೋಷದಿಂದ ದಪ್ಪಗಾಗುತ್ತಿದೆ, ಜೋರಾಗಿ ಓಡುವಾಗ ಬಡಿತ ತಪ್ಪಿ ನಿಂತೇಹೋಗಬಹುದು ಎಂದರು. ಓದಬಹುದು, ಕೆಲಸ ಮಾಡಬಹುದು, ಮದುವೆಯಾಗಬಹುದು, ಸ್ಪರ್ಧೆಯ ಆಟ ಮಾತ್ರ ಬೇಡವೆಂದರು. ಹೆಚ್ಚು ಓಡದೆ ಗೋಲಿನಲ್ಲಿ ನಿಂತರೆ ಆಗದೇ ಎಂದು ಇವನು ಕೇಳಿದ. ಆಪರೇಷನ್ ಮಾಡಿದರೆ ಎಂದ, ಮಾತ್ರೆ ತಿಂದರೆ ಎಂದ. ಅವರು ಎಲ್ಲದಕ್ಕೂ ಉತ್ತರ ಕೊಟ್ಟರು. ಕೊನೆಗೆ ಇವನು ತಲೆ ತಗ್ಗಿಸಿ ಶೂ ದಾರ ಬಿಚ್ಚಿ ಮತ್ತೆ ಕಟ್ಟುತ್ತ ಕುಳಿತ. ಕುಟುಂಬದಲ್ಲಿ ಚಿಕ್ಕ ಪ್ರಾಯದಲ್ಲಿ ಯಾರಾದರೂ ಹಠಾತ್ತಾಗಿ ತೀರಿಕೊಂಡದ್ದುಂಟೇ ಎಂದು ಅವರು ನನ್ನನ್ನು ಕೇಳಿದರು. ನಾನು ನಮ್ಮ ಇಮ್ತಿಯಾಜ್‌ನ ಹೆಸರು ಹೇಳಿದೆ. ನೀನು ನಮ್ಮ ಮನೆಗೆ ಬರುವ ಮೊದಲೇ ಹೋದ ನನ್ನ ತಮ್ಮ. ಉಳ್ಳಾಲದ ಕಡಲ ಬದಿಯಲ್ಲಿ ವಾಲಿಬಾಲ್ ಹೊಡೆಯಲು ಹಾರಿದವನು ಕೆಳಗೆ ಬಿದ್ದು ಏಳಲೇ ಇಲ್ಲ. ಬಿಸಿಲಿನ ಹೊಡೆತ ಎಂದರು, ನಾವೂ ನಂಬಿದೆವು. ನನ್ನ ಉಮ್ಮ ಸಾಯುವ ತನಕ ಯಾರದೋ ಕಣ್ಣು ಬಿತ್ತು ಎನ್ನುತ್ತಿದ್ದರು.

ಹಿಂದೆ ಬರುವಾಗ ಹೈವೇಯಲ್ಲಿ ಅವನು ಕೇಳಿದ: "ಉಪ್ಪ, ಇಮ್ತಿಯಾಜ್ ಎಳಯಪ್ಪನಿಗೆ ಮೊದಲೇ ಗೊತ್ತಿದ್ದಿದ್ದರೆ ಆಡುವುದು ಬಿಡ್ತಿದ್ದರಾ?"

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಬಿಡ್ತಿರಲಿಲ್ಲ ಮೋನೆ. ನಾವು ಕಟ್ಟಿ ಹಾಕ್ತಿದ್ದೆವು" ಎಂದೆ.

ಅವನು ಕಿಟಕಿ ಕಡೆ ಮುಖ ತಿರುಗಿಸಿಕೊಂಡ. ನಾನು ಕಾರು ಬದಿಗೆ ನಿಲ್ಲಿಸಿದೆ. ನಮ್ಮ ಅಷ್ಟೆತ್ತರದ ಮಗ, ಮೀಸೆ ಬಂದವನು, ನನ್ನ ಭುಜಕ್ಕೆ ಹಣೆಯಿಟ್ಟು ಅತ್ತ ನಸೀಮಾ. ನಾನು ಅವನ ಬೆನ್ನು ಸವರುತ್ತ ಕುಳಿತೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ನೀನಿದ್ದಿದ್ದರೆ ತಿಳಿಯುತ್ತಿತ್ತು.

ಶಾಲೆಯ ಕೋಚ್, ಆ ಕೆನಡಾದವರು, ಮನೆಗೇ ಬಂದಿದ್ದರು. ಚಹಾ ಆರಿಹೋಗುವ ತನಕ ಕುಳಿತು, ತಂಡದ ಜೊತೆಗೇ ಇರು, ಚಿಕ್ಕವರಿಗೆ ಹೇಳಿಕೊಡು ಎಂದರು. ಒಂದು ಸಂಜೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋದ, ಅರ್ಧಕ್ಕೇ ವಾಪಸು ಬಂದ. "ನಾನು ಹೋದರೆ ಅವರು ನಗುವುದನ್ನೇ ನಿಲ್ಲಿಸ್ತಾರೆ, ಉಪ್ಪ" ಎಂದ. ಮತ್ತೆ ಹೋಗಿಲ್ಲ. ಓದಲು ಬರಬಹುದು, ತಂಡದಲ್ಲಿ ಮಾತ್ರ ಜಾಗವಿಲ್ಲ ಎಂದು ಕಾಲೇಜಿನವರು ಬರೆದರು. ಇವನೇ ಬೇಡವೆಂದು ಉತ್ತರಿಸಿದ. ಈಗ ಮಂಗಳೂರಿನಲ್ಲಿ ಓದುತ್ತೇನೆ, ಉಮ್ಮನ ಹತ್ತಿರ ಇರುತ್ತೇನೆ ಎನ್ನುತ್ತಾನೆ. ಬರಲಿ. ಅವನಾಗಿ ಮಾತೆತ್ತುವ ತನಕ ಸಮಾಧಾನ ಹೇಳಲು ಹೋಗಬೇಡ. ಬಡಿಸುವಾಗ ಇನ್ನೊಂದು ತುಂಡು ಮೀನು ಹಾಕು, ಸಾಕು.

ನಿನ್ನ ಉಮ್ಮನಿಗೆ ನನ್ನ ಸಲಾಂ ಹೇಳು, ನಮ್ಮ ಮಗನಿಗಾಗಿ ದುಆ ಮಾಡಲು ಹೇಳು. ಅಲ್ಲಾಹನು ನಿನಗೆ ಇದನ್ನು ತಾಳುವ ಶಕ್ತಿ ಕೊಡಲಿ. ಊಟ ಬಿಡಬೇಡ.

ನಿನ್ನ
ರಝಾಕ್

ತಾ.ಕ.: ಹಮೀದ್ ಬಾಗಿಲಲ್ಲಿ ನಿಂತಿದ್ದಾನೆ. ಡಾಕ್ಟರು ಈ ವಾರ ನನ್ನ ಎದೆಯನ್ನೂ ನೋಡಿದರು. ನನ್ನಲ್ಲೂ ಇದೆ, ಸ್ವಲ್ಪವೇ, ನೀನು ಹೆದರಬೇಡ. ಮಕ್ಕಳಿಗೆ ಬರುವುದಾದರೆ ನನ್ನಿಂದಲೇ ಬರುವುದಂತೆ. ಮೊನ್ನೆ ಶಹಾನಾ ಫೋನಿನಲ್ಲಿ ಖೋ ಖೋ ತಂಡಕ್ಕೆ ಆಯ್ಕೆಯಾದೆ ಎಂದು ಕುಣಿದಳು. ನಿನ್ನ ಫೋನ್ ಯಾವಾಗಲೂ ಅವಳ ಕೈಯಲ್ಲೇ ಇರುತ್ತದೆ, ಅದಕ್ಕೇ ಬರೆದೆ. ಸೋಮವಾರ ಅವಳನ್ನು ಆಟಕ್ಕೆ ಕಳಿಸಬೇಡ. ಏನಾದರೂ ನೆಪ ಹೇಳಿ ಮಂಗಳೂರಿಗೆ ಕರೆದುಕೊಂಡು ಹೋಗಿ ಎದೆ ತೋರಿಸು.